ಕರಿ ಕಡ್ಡಿಯೊಳಗಿನ ಬಿಳಿ ಲೋಹ

ಕಡ್ಡಿ ನಿಲ್ಲಲೊಲ್ಲದು.

ಪತ್ತೇದಾರ ಮತ್ತೊಮ್ಮೆ ಅದನ್ನು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟ. ಪೆನ್ಸಿಲಿನಷ್ಟೇ ದಪ್ಪ, ಪೆನ್ಸಿಲಿನ ಒಳಗಿರುವಂಥದ್ದೇ ಕರಿ ಗ್ರಾಫೈಟು. ನಟ್ಟನಡುವೆ ಬೆರಳು ಕೊಟ್ಟರೆ ತಕ್ಕಡಿಯ ದಂಡದ ಹಾಗೆ ನೆಟ್ಟಗೆ ನಿಲ್ಲಬೇಕು. ಇದು ಒಂದು ತುದಿಯ ಕಡೆಗೆ ವಾಲಿ, ಜಾರಿ, ಮೇಜಿನ ಮೇಲೆ ಉರುಳಿತು.

ಡಬ್ಬಿಯಿಂದ ಹೊಸ ಕಡ್ಡಿಯೊಂದನ್ನು ತೆಗೆದ. ನಿಂತಿತು. ಇನ್ನೊಂದು ತೆಗೆದ. ಅದೂ ನಿಂತಿತು. ವಿಜ್ಞಾನಿಯ ಗಾಜಿನ ಪಾತ್ರೆಯಿಂದ ತೆಗೆದು ತೊಳೆದ ಈ ಒಂದು ಕಡ್ಡಿ ಮಾತ್ರ ಹಟ ಹಿಡಿದ ಮಗುವಿನ ಹಾಗೆ ಆಡುತ್ತಿತ್ತು.

ಇದು ಯಾವ ಪೊಲೀಸ್ ತರಬೇತಿಯಲ್ಲಿ ಕಲಿತ ವಿದ್ಯೆಯೂ ಅಲ್ಲ. ಹೆಂಡತಿ ತೀರಿಕೊಂಡ ಮೇಲೆ, ಊಟದ ಮೇಜಿನ ಎದುರು ಕುರ್ಚಿ ಖಾಲಿಯಾದ ಮೇಲೆ, ಚಮಚ, ಪೆನ್ಸಿಲು, ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳ ಮೇಲೆ ನಿಲ್ಲಿಸುವ ಚಟ ಅವನಿಗೆ ಹತ್ತಿತ್ತು. ಮಾತಾಡಲು ಯಾರೂ ಇಲ್ಲದವನ ಆಟ. ಆ ಹಾಳು ಚಟವೇ ಇವತ್ತು ಕೈ ಹಿಡಿಯಿತು ನೋಡಿ!

ಭಾನುವಾರದ ಮಧ್ಯಾಹ್ನ. ಸಂಶೋಧನಾಲಯದ ಆ ಉದ್ದನೆಯ ಕಟ್ಟಡದಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಿಟಕಿಯಿಲ್ಲದ ಈ ಪುಟ್ಟ ಕೋಣೆಯಲ್ಲೇ ಹೋದ ವಾರ ವಿಜ್ಞಾನಿ ಪ್ರಜ್ಞೆ ತಪ್ಪಿ ಬಿದ್ದಿದ್ದು. ಆರ್ಗಾನ್ ಅನಿಲದ ಸಿಲಿಂಡರು ಪೂರಾ ತೆರೆದಿತ್ತು, ಗಾಳಿ ಹೊರಗೆ ಎಳೆಯುವ ಫ್ಯಾನು ಬಂದಾಗಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸದ್ದಿಲ್ಲದೆ ತುಂಬಿಕೊಂಡು ಉಸಿರಾಡುವ ಗಾಳಿಯನ್ನೆಲ್ಲ ಆಚೆ ತಳ್ಳಿಬಿಡುತ್ತದೆ. ಅವತ್ತಿನಿಂದ ಆಸ್ಪತ್ರೆಯಲ್ಲಿ ಮಲಗಿದವಳು ಇನ್ನೂ ಕಣ್ಣು ಬಿಟ್ಟಿಲ್ಲ.

ಪೊಲೀಸರು ಕೈ ತೊಳೆದುಕೊಂಡರು. ಪ್ರಯೋಗದಲ್ಲಿ ಮಾಡಿದ ಮೋಸ ಬಯಲಾಗುತ್ತದೆಂದು ನಾಚಿ ಜೀವ ತೆಗೆದುಕೊಳ್ಳಲು ಹೋದಳು, ಅಷ್ಟೇ ಎಂದರು. ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿ ಕೂರುತ್ತದೆ. ಹಾಸಿಗೆಯ ಮೇಲೆ ಉಸಿರಿಗೆ ಒದ್ದಾಡುತ್ತಿರುವ ಹೆಂಗಸನ್ನು ಮೋಸಗಾತಿ ಎಂದು ಬರೆದು ಸಹಿ ಹಾಕುತ್ತದೆ. ಆಮೇಲೆ ಅವಳು ಎದ್ದರೂ ಒಂದೇ, ಬಿಟ್ಟರೂ ಒಂದೇ.

"ನನ್ನಕ್ಕ ಒಂದು ಸೊನ್ನೆ ಕೂಡ ತಿದ್ದೋಳಲ್ಲ. ಅವಳ ಹೆಸರು ಉಳಿಸಿಕೊಡಿ ಅಣ್ಣಾ, ನನಗೆ ಇನ್ಯಾರೂ ಇಲ್ಲ." ವಿಜ್ಞಾನಿಯ ತಂಗಿ ಅವನ ಮನೆಗೆ ಬಂದು ಹೀಗೆ ಕೈ ಮುಗಿದಿದ್ದಳು. ಬಂದಾಗ ಸರ್ ಎಂದಿದ್ದವಳು ಹೊರಡುವ ಹೊತ್ತಿಗೆ ಅಣ್ಣಾ ಎಂದುಬಿಟ್ಟಳು. ಅವನನ್ನು ಹಾಗೆ ಕರೆಯುವವರು ಸತ್ತು ಎಷ್ಟೋ ಕಾಲವಾಗಿತ್ತು. ಮುಗಿದ ಕೈಯ ಉಂಗುರದ ಬೆರಳಿನಲ್ಲಿ ಉಂಗುರವಿರಲಿಲ್ಲ, ಅದಿದ್ದ ಜಾಗದ ಬಿಳಿ ಗೆರೆ ಮಾತ್ರ ಇತ್ತು. ಗಂಡನನ್ನು ಬಿಟ್ಟವಳೋ, ಗಂಡ ಬಿಟ್ಟವಳೋ, ಪಾಪ, ಇವಳೂ ನನ್ನ ಹಾಗೆ ಒಂಟಿ ಎಂದುಕೊಂಡಿದ್ದ ಪತ್ತೇದಾರ. ಕೇಳುವುದು ಸಭ್ಯತೆಯಲ್ಲವೆಂದು ಕೇಳಿರಲಿಲ್ಲ.

ಅವನು ಕೋಣೆಯ ಸುತ್ತ ಕಣ್ಣು ಹಾಯಿಸಿದ. ಮೇಜಿನ ಮೇಲೆ ಒಂದು ಲೋಟ. ಗೋಡೆಯ ಮೊಳೆಗೆ ಮೊಣಕೈ ಹತ್ತಿರ ಹೊಲಿಗೆ ಹಾಕಿದ ಒಂದು ಸ್ವೆಟರು. ಕೂರಲು ಒಂದು ಸ್ಟೂಲು. ಇನ್ನೊಬ್ಬರು ಬಂದರೆ ಎಲ್ಲಿ ಕೂರುತ್ತಿದ್ದರು? ಬರುತ್ತಿರಲಿಲ್ಲ, ಅಷ್ಟೇ. ಮುಖ ನೋಡದ ಹೆಂಗಸು, ಆದರೂ ಈ ಕೋಣೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮನೆಯೂ ಹೀಗೇ ಇತ್ತು.

ಬಾಗಿಲ ಹೊರಗೆ ಗೋಡೆಗೆ ಹಾಕಿದ ಹಲಗೆಯ ಮೇಲೆ ಗಾಜಿನ ಬಟ್ಟಲೊಂದು. ಒಳಗೆ ಬರುವವರು ಯಾರೇ ಇರಲಿ, ಉಂಗುರ, ವಾಚು, ಓಲೆ ಎಲ್ಲ ಅದರಲ್ಲಿ ಕಳಚಿಡಬೇಕು. ವಿಜ್ಞಾನಿಯ ಕಟ್ಟಾಜ್ಞೆ. ಪತ್ತೇದಾರನೂ ಮದುವೆಯ ಉಂಗುರ ಕಳಚಿ ಅದರಲ್ಲಿ ಇಟ್ಟೇ ಬಂದಿದ್ದ. ಬೆರಳು ಬರಿದಾಗಿ ಚಳಿ ಹತ್ತಿದಂತಾಗಿತ್ತು.

ಆ ಆಜ್ಞೆಗೆ ಕಾರಣವನ್ನೂ ತಂಗಿಯೇ ಹೇಳಿದ್ದಳು. ಬಿಸಿಲಿನಿಂದ ಬಂದ ವಿದ್ಯುತ್ತಿನಲ್ಲಿ ನೀರನ್ನು ಒಡೆದರೆ ಜಲಜನಕ ಸಿಗುತ್ತದೆ. ಹೊಗೆಯಿಲ್ಲದ ಇಂಧನ ಅದು. ಆದರೆ ನೀರು ಅಷ್ಟು ಸುಲಭಕ್ಕೆ ಒಡೆಯುವ ಆಸಾಮಿಯಲ್ಲ, ಪುಸಲಾಯಿಸಲು ಕ್ರಿಯಾವರ್ಧಕವೊಂದು ಬೇಕು. ಆ ಕೆಲಸದಲ್ಲಿ ಪ್ಲಾಟಿನಂ ನಿಸ್ಸೀಮ. ಆದರೆ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಗುಜರಿ ಅಂಗಡಿಯಲ್ಲೂ ಸಿಗುವ ನಿಕಲ್ಲು, ಕಬ್ಬಿಣಗಳಿಂದಲೇ ಆ ಕೆಲಸ ಮಾಡಿಸುತ್ತೇನೆಂದು ಅಕ್ಕ ಅರ್ಧ ಆಯುಷ್ಯ ಸವೆಸಿದ್ದಳು. ಪಾತ್ರೆಯ ನೀರಿನಲ್ಲಿ ಒಂದು ಕಡೆ ಅವಳ ನಿಕಲ್ ತಗಡು, ಎದುರಿಗೆ ವಿದ್ಯುತ್ತು ಹಾಯಿಸುವ ಕರಿ ಕಡ್ಡಿ. ಪ್ಲಾಟಿನಂನ ಒಂದು ಚೂರು ಪಾತ್ರೆಗೆ ಸೇರಿದರೂ ಸಾಕು, ಕರಗಿ ಹೋಗಿ ಅವಳ ನಿಕಲ್ ತಗಡಿನ ಮೇಲೆ ಕೂತು, ಕೆಲಸವನ್ನೆಲ್ಲ ತಾನೇ ಮಾಡಿ, ತಗಡಿಗೆ ಸುಳ್ಳು ಕೀರ್ತಿ ತಂದುಬಿಡುತ್ತದೆ.

"ನನ್ನ ಮದುವೆಗೆ ಪ್ಲಾಟಿನಂ ಉಂಗುರಾನೇ ಕೊಡಿಸಿದ್ಲು," ತಂಗಿ ಅಳುವಿನ ನಡುವೆ ನಕ್ಕಿದ್ದಳು. "'ಇದು ನನ್ನ ಶತ್ರು ಕಣೇ, ನನ್ನ ಪಾತ್ರೆಯಲ್ಲಿ ಇರೋದಕ್ಕಿಂತ ನಿನ್ನ ಬೆರಳಲ್ಲಿ ಇರ್ಲಿ' ಅಂದ್ಲು."

ಎರಡು ವರ್ಷದ ಹಿಂದೆ ಒಂದು ದಿನ ಅಕ್ಕನ ತಗಡು ಗೆದ್ದಿತ್ತು. ಪಾತ್ರೆಯಲ್ಲಿ ಗುಳ್ಳೆಗಳು ಕುದಿಯುವ ಹಾಲಿನಂತೆ ಉಕ್ಕಿದವು. ಲೋಕವೇ ಚಪ್ಪಾಳೆ ತಟ್ಟಿತು. ಆಮೇಲೆ ಒಮ್ಮೆಯೂ ಹಾಗಾಗಲಿಲ್ಲ. ಅವಳಿಗೂ ಆಗಲಿಲ್ಲ, ಬೇರೆಯವರಿಗೂ ಆಗಲಿಲ್ಲ. ಚಪ್ಪಾಳೆ ತಟ್ಟಿದ ಕೈಗಳೇ ಬೆರಳು ತೋರಿಸತೊಡಗಿದವು.

ಹೊರಗೆ ಬಟ್ಟಲಲ್ಲಿ ಟಿಣ್ ಎಂದು ಸದ್ದಾಯಿತು. ಯಾರೋ ವಾಚು ಕಳಚಿಟ್ಟರು.

ಪಕ್ಕದ ಕೋಣೆಯ ಪ್ರೊಫೆಸರ್ ಒಳಗೆ ಬಂದರು. ಸಣಕಲು ಆಳು, ಎರಡು ದಿನದ ಗಡ್ಡ. ಅವತ್ತು ಹೊರಗೆ ಹೋಗಿದ್ದವರು ವಾಪಸು ಬಂದು, ಎಳೆದರೆ ತಾನೇ ಬೀಗ ಬೀಳುವ ಈ ಬಾಗಿಲನ್ನು ಒಡೆದು ವಿಜ್ಞಾನಿಯನ್ನು ಹೊರಗೆ ಎಳೆದು ಹಾಕಿದವರು ಇವರೇ. ಒಡತಿಯೇ ಇಲ್ಲದ ಕೋಣೆಗೆ ಬರುವಾಗಲೂ ವಾಚು ಕಳಚಿಡುತ್ತಾರಲ್ಲ ಎಂದು ಪತ್ತೇದಾರ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

"ಬರೋಕೆ ಹೇಳಿದ್ರಂತೆ," ಎಂದರು ಪ್ರೊಫೆಸರ್.

"ಬನ್ನಿ ಮೇಷ್ಟ್ರೇ. ಇರೋದು ಒಂದೇ ಸ್ಟೂಲು, ನೀವೇ ಕೂತ್ಕೊಳ್ಳಿ. ಒಂದು ಆಟ ತೋರಿಸ್ತೀನಿ."

ಒಳ್ಳೆಯ ಕಡ್ಡಿಯನ್ನು ಬೆರಳ ಮೇಲೆ ನಿಲ್ಲಿಸಿ ತೋರಿಸಿದ. ಆಮೇಲೆ ಕೆಟ್ಟದ್ದನ್ನು ಇಟ್ಟ. ಅದು ವಾಲಿತು.

"ನೋಡಿದ್ರಾ? ಇದಕ್ಕೆ ಕಾಲಿನ ಕಡೆ ಭಾರ ಜಾಸ್ತಿ. ಹೊಟ್ಟೆಯೊಳಗೆ ಏನಿದೆಯೋ ಕೇಳೋಣ."

ಎರಡು ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದ.

ಕರಿ ಪುಡಿ ಮೇಜಿನ ಮೇಲೆ ಚೆಲ್ಲಿತು. ಮುರಿದ ತುದಿಯಲ್ಲಿ ಬಿಳಿಯ ಲೋಹವೊಂದು ಇಣುಕುತ್ತಿತ್ತು. ಯಾರೋ ಕಡ್ಡಿಯ ಕೆಳಗಿನಿಂದ ಸಣ್ಣ ತೂತು ಕೊರೆದು, ಲೋಹ ತುರುಕಿ, ಬಾಯಿಗೆ ಗ್ರಾಫೈಟ್ ಪುಡಿ ಮೆತ್ತಿ ಮುಚ್ಚಿದ್ದರು.

"ಅಯ್ಯೋ ದೇವರೇ," ಎಂದರು ಪ್ರೊಫೆಸರ್. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಬೆಳ್ಳಿ ಇರಬಹುದಾ ಮೇಷ್ಟ್ರೇ?"

"ಬೆಳ್ಳಿ ಅಲ್ಲ."

"ಮುಟ್ಟಿ ನೋಡದೇನೇ ಹೇಳ್ಬಿಟ್ರಲ್ಲ!"

ಪತ್ತೇದಾರ ಕಾದ. ಅವನ ಕಸುಬಿನಲ್ಲಿ ಬೈಗುಳಕ್ಕಿಂತ ಸುಮ್ಮನಿರುವುದೇ ಹೆಚ್ಚು ಕೆಲಸ ಮಾಡುತ್ತದೆ. ಸಿಲಿಂಡರುಗಳು ಮೂಲೆಯಲ್ಲಿ ನಿಂತಿದ್ದವು. ಮೊಳೆಯ ಮೇಲಿನ ಸ್ವೆಟರಿನ ತೋಳು ಫ್ಯಾನಿನ ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತು. ಪ್ರೊಫೆಸರ್ ಅದನ್ನೇ ನೋಡುತ್ತಿದ್ದರು.

"ಈ ಗೋಡೆ ಬರೀ ಪ್ಲೈವುಡ್ಡು," ಕೊನೆಗೆ ಅವರೇ ಶುರು ಮಾಡಿದರು. "ಅವರು ಆ ಕಡೆ ಉಸಿರಾಡಿದ್ರೂ ನನಗೆ ಕೇಳಿಸ್ತದೆ. ದಿನಾ ಸಂಜೆ ಮೆಷಿನ್ ಆರಿಸಿ, ತಗಡಿನ ಹತ್ರ ಮಾತಾಡ್ತಿದ್ರು. 'ಇವತ್ತೂ ಇಲ್ಲ ಅಲ್ವಾ? ಹೋಗ್ಲಿ ಬಿಡು, ನಾಳೆ ನೋಡೋಣ' ಅಂತ. ವರ್ಷಗಟ್ಟಲೆ ಅದೇ ಮಾತು. ನನಗೂ ಮನೇಲಿ ಯಾರೂ ಇಲ್ಲ ನೋಡಿ. ಇಡೀ ದಿನದಲ್ಲಿ ನನ್ನ ಕಿವಿಗೆ ಬೀಳ್ತಿದ್ದ ಪ್ರೀತಿಯ ಮಾತು ಅಂದ್ರೆ ಅದೊಂದೇ. ಅದೂ ಒಂದು ತಗಡಿಗೆ ಹೇಳಿದ್ದು."

"ಅದಕ್ಕೆ?"

"ಒಂದೇ ಒಂದು ದಿನ ಅವರು ಗೆಲ್ಲಲಿ ಅನ್ನಿಸ್ತು. ಕಡ್ಡಿ ಕೊರೆದು ಪ್ಲಾಟಿನಂ ತಂತಿ ಇಟ್ಟೆ. ಮಾರನೇ ದಿನ ಮತ್ತೆ ಪರೀಕ್ಷೆ ಮಾಡ್ತಾರೆ, ಏನೋ ತಪ್ಪಾಗಿದೆ ಅಂತ ಕಂಡುಹಿಡೀತಾರೆ, ಒಂದು ಸಂಜೆಯಾದ್ರೂ ಖುಷಿಯಾಗಿ ಮನೆಗೆ ಹೋಗಿರ್ತಾರೆ ಅಂದ್ಕೊಂಡೆ. ಅವರು ಅದೇ ಸಂಜೆ ಊರಿಗೆಲ್ಲ ಫೋನ್ ಮಾಡಿ ಹೇಳ್ಬಿಟ್ರು."

"ಆಗಲೇ ಬಾಯಿ ಬಿಡಬಹುದಿತ್ತಲ್ಲ ನೀವು?"

"ಬಿಡೋಣ ಅಂತಾನೇ ಎದ್ದೆ ಸರ್. ಅಷ್ಟರಲ್ಲಿ ಬಾಗಿಲು ತಟ್ಟಿದ್ರು. ನಾವು ಪಕ್ಕಪಕ್ಕ ಇದ್ದಷ್ಟು ವರ್ಷದಲ್ಲಿ ಅದೇ ಮೊದಲನೇ ಸಲ. ಕೈಯಲ್ಲಿ ಎರಡು ಲೋಟ ಟೀ. ನನ್ನ ಕೋಣೆಯಲ್ಲಿ ಕೂತು ನಗ್ತಾ ಮಾತಾಡಿದ್ರು. ನನ್ನ ಹೆಸರು ಹಿಡಿದು ಕರೆದ್ರು. ಹೇಗೆ ಹೇಳ್ಲಿ ಹೇಳಿ? ಆ ವಾರವೇ ತಂತಿಯ ಕಡ್ಡಿ ತೆಗೆದು ಬರೀ ಕಡ್ಡಿ ಇಟ್ಟೆ. ತಗಡನ್ನೂ ಬದಲಾಯಿಸಿದೆ, ಯಾರೂ ಪತ್ತೆ ಮಾಡಬಾರದು ಅಂತ. ಅವತ್ತಿಂದ ಅದು ಮತ್ತೆ ಕೆಲಸ ಮಾಡಲಿಲ್ಲ."

ಪತ್ತೇದಾರನಿಗೆ ಮೈ ಉರಿದುಹೋಯಿತು. "ಶಹಭಾಸ್! ಎರಡು ವರ್ಷ ಮೇಷ್ಟ್ರೇ! ಇಲ್ಲದೇ ಇರೋ ವಸ್ತುವನ್ನ ಆಯಮ್ಮ ಹಗಲೂ ರಾತ್ರಿ ಹುಡುಕ್ತಿದ್ರು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ತಲೆ ಚಚ್ಚಿಕೊಳ್ತಿದ್ರು. ನೀವು ಗೋಡೆಗೆ ಕಿವಿ ಕೊಟ್ಟು ಕೇಳ್ತಾ ಕೂತಿದ್ರಿ. ಒಂದು ಮಾತಲ್ಲಿ ಮುಗೀತಿತ್ತಲ್ರೀ!"

"ಗೊತ್ತು."

"ಏನ್ ಗೊತ್ತು ನಿಮಗೆ?"

"ನಾನು ಹೇಡಿ ಅಂತ ಗೊತ್ತು." ಪ್ರೊಫೆಸರ್ ಕಣ್ಣೊರೆಸಿಕೊಳ್ಳಲಿಲ್ಲ, ಇಳಿಯಲು ಬಿಟ್ಟರು. "ಹೇಳಿದ್ರೆ ಅವರು ಮತ್ತೆ ಯಾವತ್ತೂ ನನ್ನ ಬಾಗಿಲು ತಟ್ಟಲ್ಲ ಅಂತ ಹೆದರಿದೆ. ಹೇಳದೇ ಇದ್ರೂ ಅವರು ತಟ್ಟಲಿಲ್ಲ, ಅದು ಬೇರೆ ಮಾತು. ಆ ಒಂದು ಸಲ ಅಷ್ಟೇ."

ಟೀ ಹಿಡಿದು ಬಾಗಿಲು ತಟ್ಟುವವರು ಯಾರಾದರೂ ಇದ್ದಿದ್ದರೆ ತಾನೂ ಏನು ಮುಚ್ಚಿಡುತ್ತಿದ್ದೆನೋ ಎಂದು ಪತ್ತೇದಾರನಿಗೆ ಒಂದು ಕ್ಷಣ ಅನ್ನಿಸಿತು. ಆ ಯೋಚನೆಯನ್ನು ಅಲ್ಲಿಗೇ ಕೊಡವಿಕೊಂಡ.

"ಸರಿ. ನಾಳೆ ಸಮಿತಿ ಮುಂದೆ ಬಂದು ಇದನ್ನೇ ಹೇಳ್ತೀರಾ?"

"ಹೇಳ್ತೀನಿ. ನನ್ನ ಕೆಲಸ ಹೋದ್ರೂ ಹೋಗ್ಲಿ."

ಪತ್ತೇದಾರನ ಎದೆ ಹಗುರಾಯಿತು. ವಿಜ್ಞಾನಿಯ ಹೆಸರು ಉಳಿಯಿತು. ತಂಗಿಗೆ ಫೋನು ಮಾಡಿ ಈ ಮಾತು ಹೇಳಬೇಕು, ಅವಳು ಅಣ್ಣಾ ಎಂದು ಅಳುವುದನ್ನು ಕೇಳಬೇಕು ಎಂದು ಕೈ ಆಗಲೇ ಜೇಬಿಗೆ ಹೋಗಿತ್ತು. ಹೋದ ಕೈ ಅರ್ಧದಲ್ಲೇ ನಿಂತಿತು.

"ಮೇಷ್ಟ್ರೇ, ತಂತಿಯ ಕಡ್ಡಿ ಎರಡು ವರ್ಷದ ಹಿಂದೆಯೇ ತೆಗೆದೆ ಅಂದ್ರಲ್ಲ? ಮತ್ತೆ ಹೋದ ವಾರ ಯಾಕೆ ಇಟ್ರಿ?"

"ನಾನೆಲ್ಲಿ ಇಟ್ಟೆ? ನೀವು ಮುರಿದಿದ್ದು ಆ ಹಳೇದೇ ಅಲ್ವಾ? ನನ್ನ ಬೀರುವಿನಿಂದ ತಂದಿದ್ದಲ್ವಾ?"

"ಇಲ್ಲ. ಅವರ ಪಾತ್ರೆಯೊಳಗೇ ಇತ್ತು. ಅವರು ಬಿದ್ದ ದಿನ ಹೇಗಿತ್ತೋ ಹಾಗೇ."

ಪ್ರೊಫೆಸರ್ ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಉರುಳಿಬಿತ್ತು. ಓಡಿದರು. ಪ್ಲೈವುಡ್ ಗೋಡೆಯಾಚೆ ಬೀಗ ತೆರೆಯುವ ಸದ್ದು, ಡಬ್ಬಿ ಹುಡುಕುವ ಸದ್ದು, ಕೊನೆಗೆ ಒಂದು ನಿಟ್ಟುಸಿರು, ಎಲ್ಲವೂ ಪತ್ತೇದಾರನಿಗೆ ಸ್ಪಷ್ಟವಾಗಿ ಕೇಳಿಸಿತು. ಅವರು ಹೇಳಿದ್ದು ಸುಳ್ಳಲ್ಲ, ಈ ಗೋಡೆ ಏನನ್ನೂ ಮುಚ್ಚಿಡುವುದಿಲ್ಲ.

ಹತ್ತಿಯಲ್ಲಿ ಸುತ್ತಿದ ಕಡ್ಡಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಇಡಿಯಾಗಿತ್ತು.

"ನಾನು ಮಾಡಿದ್ದು ಇದೊಂದೇ. ಇದರೊಳಗಿರೋದು ತಂತಿ, ಕೂದಲಿಗಿಂತ ಒಂಚೂರು ದಪ್ಪ ಅಷ್ಟೇ."

ಪತ್ತೇದಾರ ಮುರಿದ ಕಡ್ಡಿಯ ಚೂರನ್ನು ಒಡೆದು, ಒಳಗಿದ್ದ ಲೋಹವನ್ನು ಇಕ್ಕಳದಿಂದ ಪೂರಾ ಹೊರಗೆಳೆದ. ತಂತಿಯಲ್ಲ. ಚಪ್ಪಟೆ ಪಟ್ಟಿ. ಹೊರಮೈ ಅಲ್ಲಲ್ಲಿ ಸವೆದು ಕಳೆಗುಂದಿತ್ತು. ಯಾರೋ ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಲು ಹೆಣಗಿದ್ದರು, ಪೂರಾ ಬಂದಿರಲಿಲ್ಲ. ನಡುವೆ ಇನ್ನೂ ಬಾಗು ಉಳಿದಿತ್ತು. ಒಳಮೈಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮುದ್ರೆ, ಒಡವೆ ಅಂಗಡಿಯವರು ಒತ್ತುವಂಥದ್ದು.

"ಇದು ಪ್ರಯೋಗಾಲಯದ ಮಾಲಲ್ಲ," ಎಂದರು ಪ್ರೊಫೆಸರ್ ಪಿಸುದನಿಯಲ್ಲಿ.

ಪತ್ತೇದಾರ ಪಟ್ಟಿಯನ್ನು ಅದರ ಬಾಗಿನ ಗುಂಟವೇ ಮೆಲ್ಲಗೆ ಬಗ್ಗಿಸಿದ. ಹಳೆಯ ಅಭ್ಯಾಸ ಮರೆಯದವರ ಹಾಗೆ ಅದು ತಾನಾಗಿ ಸುತ್ತಿಕೊಂಡಿತು. ಎರಡು ತುದಿಗಳು ಕೂಡಿದವು. ತನ್ನ ಕಿರುಬೆರಳಿಗೆ ಹಾಕಿ ನೋಡಿದ, ಮೊದಲ ಗಿಣ್ಣು ದಾಟಲಿಲ್ಲ. ಹೆಣ್ಣುಮಗಳ ಉಂಗುರ. ಸಣ್ಣ ಬೆರಳಿನ ಹೆಣ್ಣುಮಗಳು.

ಮುಗಿದ ಎರಡು ಕೈಗಳು ಕಣ್ಣ ಮುಂದೆ ಬಂದವು, ಉಂಗುರದ ಬೆರಳಿನ ಬಿಳಿ ಗೆರೆಯ ಸಮೇತ. ಛೇ, ಇರಲಾರದು. ಇಂಥ ಉಂಗುರ ಲೋಕದಲ್ಲಿ ಎಷ್ಟಿಲ್ಲ? ಅಷ್ಟಕ್ಕೂ, ಈ ಕಡ್ಡಿ ಕೊರೆಯುವ ಕೈಚಳಕ ಆ ಹುಡುಗಿಗೆ ಗೊತ್ತಿರುವುದಾದರೂ ಹೇಗೆ?

"ಮೇಷ್ಟ್ರೇ, ಸರಿಯಾಗಿ ಯೋಚನೆ ಮಾಡಿ ಹೇಳಿ. ನೀವು ಮಾಡಿದ ಕೆಲಸಾನ ಈ ಎರಡು ವರ್ಷದಲ್ಲಿ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ರಾ?"

"ಒಬ್ಬರ ಹತ್ರ." ಪ್ರೊಫೆಸರ್ ತಲೆ ತಗ್ಗಿಸಿದರು. "ಹೋದ ತಿಂಗಳು. ಸಮಿತಿ ಬರ್ತದೆ, ಎದುರಿಗೇ ಪ್ರಯೋಗ ಮಾಡಿ ತೋರಿಸಿ ಅಂತ ಕೇಳ್ತದೆ ಅಂತ ಗೊತ್ತಾದ ಮೇಲೆ ನನ್ನ ಕೈಲಿ ತಡೆಯೋಕಾಗ್ಲಿಲ್ಲ. ಅವರ ಮುಖ ನೋಡಿ ಹೇಳೋ ಧೈರ್ಯ ಇರಲಿಲ್ಲ. ಅದಕ್ಕೇ ಅವರ ತಂಗಿಯನ್ನ ಕರೆದು ಎಲ್ಲಾ ಹೇಳಿ, ಕಡ್ಡಿ ಹೇಗೆ ಕೊರೆದೆ ಅಂತಾನೂ ತೋರಿಸಿ, 'ನೀನೇ ಅಕ್ಕನಿಗೆ ಹೇಳಮ್ಮಾ' ಅಂದೆ. ಆ ಹುಡುಗಿ ಹೇಳ್ತೀನಿ ಅಂದ್ಲು. ನಿಮಗೂ ಹೇಳಿರಬೇಕಲ್ಲ?"

ಪತ್ತೇದಾರ ಉಂಗುರವನ್ನು ಕಿರುಬೆರಳ ತುದಿಯಿಂದ ಕಳಚಿ ಮೇಜಿನ ಮೇಲಿಟ್ಟ.

ಹೇಳಿರಲಿಲ್ಲ. ಅಕ್ಕನ ಊಟ, ಅಕ್ಕನ ಹಟ, ಅಕ್ಕ ಕೊಡಿಸಿದ ಉಂಗುರ, ಊರ ಮೇಲಿನದೆಲ್ಲ ಹೇಳಿದ್ದಳು. ಇದೊಂದನ್ನು ಬಿಟ್ಟು. ಅಕ್ಕ ಸಮಿತಿಯ ಎದುರು ಗೆಲ್ಲಲಿ ಎಂದು ಉಂಗುರ ಕತ್ತರಿಸಿದಳೋ? ಅಕ್ಕ ಅದನ್ನು ಕಂಡುಹಿಡಿದಳೋ? ಆ ದಿನ ಈ ಪುಟ್ಟ ಕೋಣೆಯಲ್ಲಿ ನಿಜಕ್ಕೂ ಒಬ್ಬಳೇ ಇದ್ದಳೋ, ಇಬ್ಬರಿದ್ದರೋ? ಫ್ಯಾನು ಆರಿಸಿದ ಕೈ ಯಾವುದು?

ಜೇಬಿನಲ್ಲಿ ಫೋನು ಬಡಿದುಕೊಂಡಿತು. ತಂಗಿ.

"ಅಣ್ಣಾ!" ದನಿಯಲ್ಲಿ ನಗುವೋ ಅಳುವೋ ತಿಳಿಯುವಂತಿರಲಿಲ್ಲ. "ಅಕ್ಕ ಕಣ್ಣು ಬಿಟ್ಲು!"

"ಡಾಕ್ಟ್ರು ಬಂದ್ರಾ?"

"ಇಲ್ಲ, ಯಾರನ್ನೂ ಕರೆದಿಲ್ಲ. ಮೊದಲು ನಿಮಗೇ ಹೇಳೋಣ ಅಂತ. ನಾನೂ ಅವಳೂ ಇಬ್ಬರೇ ಇದ್ದೀವಿ. ಬಾಗಿಲು ಹಾಕ್ಕೊಂಡಿದ್ದೀನಿ."

"ನೋಡಮ್ಮಾ, ತಕ್ಷಣ ನರ್ಸನ್ನ ಕರಿ. ಬಾಗಿಲು ತೆಗಿ. ನಾನು ಈಗಲೇ ಹೊರಟೆ." ಅವನು ಆಗಲೇ ಹೊಸ್ತಿಲು ದಾಟಿದ್ದ. ಬಟ್ಟಲಿನಲ್ಲಿ ಅವನ ಉಂಗುರ ಹಾಗೇ ಉಳಿಯಿತು.

"ಕರೀತೀನಿ ಅಣ್ಣಾ, ಒಂದ್ ನಿಮಿಷ. ಅವಳು ಏನೋ ಕೇಳ್ತಿದ್ದಾಳೆ. ಮಾತು ಸರಿಯಾಗಿ ಬರಲಿ ಅಂತ ಆಕ್ಸಿಜನ್ ಮಾಸ್ಕ್ ನಾನೇ ತೆಗೆದಿದ್ದೀನಿ."

"ಮಾಸ್ಕ್ ಹಾಕು! ಮೊದಲು ಮಾಸ್ಕ್ ಹಾಕು!"

ಖಾಲಿ ಕಾರಿಡಾರಿನಲ್ಲಿ ಅವನ ಕೂಗು ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬಂತು. ಫೋನಿನ ಆಚೆ ಯಾರದೋ ಕ್ಷೀಣವಾದ ಉಸಿರು, ಎಳೆದು ಎಳೆದು ಬರುತ್ತಿತ್ತು. ತಂಗಿ ಕಿವಿಗೊಟ್ಟು ಕೇಳುತ್ತಿದ್ದಿರಬೇಕು.

ಆಮೇಲೆ, ಲೆಕ್ಕ ತಪ್ಪಿದ ಮಗು ಮೇಷ್ಟ್ರನ್ನು ಕೇಳುವಷ್ಟು ಮೆಲ್ಲಗೆ, ಅವಳು ಕೇಳಿದಳು.

"'ನಿನ್ನ ಉಂಗುರ ಎಲ್ಲಿ ಕಣೇ' ಅಂತ ಕೇಳ್ತಿದ್ದಾಳೆ ಅಣ್ಣಾ. ಏನ್ ಹೇಳ್ಲಿ?"